ಒಂದು ಬ್ರಾಕೆಟ್, ಮೂರು ಗೆರೆ: ಬಿಕಾಂ ಓದಿದ ನಾನು ಐಸೊಮೆಟ್ರಿಕ್ ಡ್ರಾಯಿಂಗ್ ಕಲಿತಿದ್ದು

ಸಾಮಾನ್ಯವಾಗಿ ಇಲ್ಲಿ ನಾನು ಜಿಎಸ್‌ಟಿ, ಸಾಲ, ಉಳಿತಾಯ ಅಂತ ಮಾತಾಡ್ತೀನಿ. ಇವತ್ತು ವಿಷಯ ಸ್ವಲ್ಪ ಬೇರೆ, ಒಂದು ಬಗೆಯ ಚಿತ್ರದ ಬಗ್ಗೆ ಹೇಳ್ತೀನಿ. ಹತ್ತಿರದಲ್ಲಿ ಹಾಳೆ, ಪೆನ್ಸಿಲ್, ಸ್ಕೇಲ್ ಇದ್ದರೆ ತಗೊಂಡು ಕೂತ್ಕೊಳ್ಳಿ. ಗಾಡಿ ಓಡಿಸ್ತಾ ಕೇಳ್ತಿರೋರು ಮಾತ್ರ ದಯವಿಟ್ಟು ಮನೆಗೆ ಹೋದ ಮೇಲೆ ಮಾಡಿ.

ನಾನೀಗ ಮಾತಾಡ್ತಿರೋ ಮೈಕು ಒಂದು ಕಬ್ಬಿಣದ ಎಲ್ ಬ್ರಾಕೆಟ್‌ಗೆ ಕಟ್ಟಿದ್ದೀನಿ. ಅದು ಸ್ಟುಡಿಯೊಗೆ ಅಂತ ಮಾಡಿಸಿದ್ದಲ್ಲ. ನನ್ನ ತಪ್ಪಿನಿಂದ ಗುಜರಿಗೆ ಹೋದ 40 ಬ್ರಾಕೆಟ್‌ಗಳಲ್ಲಿ ಉಳಿದ ಒಂದು.

ನಮ್ಮಪ್ಪನದು ಪೀಣ್ಯದಲ್ಲಿ ಒಂದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್. ಕಟಿಂಗ್, ಡ್ರಿಲ್ಲಿಂಗ್, ವೆಲ್ಡಿಂಗ್ ಕೆಲಸ. ಅಲ್ಲಿನ ಲೆಕ್ಕಪತ್ರ ನಾನು ನೋಡ್ಕೊಳ್ತೀನಿ. ಎರಡು ವರ್ಷದ ಹಿಂದೆ ಅಪ್ಪನಿಗೆ ಕಣ್ಣಿನ ಪೊರೆ ಆಪರೇಶನ್ ಆಯ್ತು. ಅಪ್ಪ ಮನೆಯಲ್ಲಿದ್ದಾಗ ಒಂದು ಹೊಸ ಆರ್ಡರ್ ಬಂತು. ವಾಟ್ಸಾಪ್‌ನಲ್ಲಿ ಡ್ರಾಯಿಂಗ್ ಕಳಿಸಿದ್ರು, ನಾನು ಪ್ರಿಂಟ್ ತೆಗೆದು ನಮ್ಮ ಹಿರಿಯ ಫಿಟ್ಟರ್ ಕೈಗೆ ಕೊಟ್ಟೆ. ಅವರನ್ನ ಶೆಡ್‌ನಲ್ಲಿ ಎಲ್ಲರೂ ಅಣ್ಣ ಅಂತಲೇ ಕರೆಯೋದು. ಅವರು ಹಾಳೆ ನೋಡಿ, "ಇದು ಫಸ್ಟ್ ಆಂಗಲ್ಲೇ ತಾನೇನಮ್ಮಾ? ಮೂಲೇಲಿರೋ ಗುರುತು ಪ್ರಿಂಟಲ್ಲಿ ಮಸುಕಾಗಿದೆ" ಅಂದ್ರು. ನನಗೆ ಫಸ್ಟ್ ಆಂಗಲ್ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ. "ಹೂಂ ಅಣ್ಣ, ಅದೇ" ಅಂದುಬಿಟ್ಟೆ.

ಆ "ಹೂಂ"ಗೆ ಬಿದ್ದ ಬೆಲೆ, ಮೆಟೀರಿಯಲ್ಲು ಕೂಲಿ ಎಲ್ಲ ಸೇರಿ, 31,000 ರೂಪಾಯಿ. ನಮ್ಮಂಥ ಶೆಡ್‌ಗೆ ಅದು ಚಿಕ್ಕ ಮೊತ್ತ ಅಲ್ಲ.

ಆಗಿದ್ದೇನು ಅಂದ್ರೆ, ಒಂದು ವಸ್ತುವನ್ನ ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಮೂರು ಚಪ್ಪಟೆ ಚಿತ್ರ ಬರೀತಾರೆ. ಅದಕ್ಕೆ ಆರ್ಥೊಗ್ರಾಫಿಕ್ ಅಂತ ಹೆಸರು. ಆ ಮೂರನ್ನ ಹಾಳೆ ಮೇಲೆ ಜೋಡಿಸೋಕೆ ಎರಡು ಪದ್ಧತಿ ಇದೆ. ನಮ್ಮ ಐಟಿಐಗಳಲ್ಲಿ ಮುಖ್ಯವಾಗಿ ಹೇಳಿಕೊಡೋದು ಫಸ್ಟ್ ಆಂಗಲ್: ಮುಂದಿನ ನೋಟದ ಬಲಕ್ಕೆ ಇರೋದು ವಸ್ತುವಿನ ಎಡಪಕ್ಕದ ಚಿತ್ರ. ಅಮೆರಿಕದಲ್ಲಿ ಬಳಸೋದು ಥರ್ಡ್ ಆಂಗಲ್: ಅಲ್ಲಿ ಬಲಕ್ಕೆ ಇರೋದು ಬಲಪಕ್ಕವೇ. ಒಂದನ್ನ ಇನ್ನೊಂದು ಅಂತ ಓದಿದ್ರೆ ಮುಂದಕ್ಕೆ ಬರಬೇಕಾದ್ದು ಹಿಂದಕ್ಕೆ ಹೋಗುತ್ತೆ. ನಮ್ಮ ಬ್ರಾಕೆಟ್‌ನಲ್ಲಿ ಆಗಿದ್ದು ಅದೇ. ನಿಂತ ಪಟ್ಟಿಯ ಎಡ ಮೂಲೆ ಓರೆಯಾಗಿ ಕತ್ತರಿಸಿತ್ತು, ಅದರ ಕೆಳಗೊಂದು ತೂತು. ಅಡಿಪಟ್ಟಿ ಮುಂದಕ್ಕೆ ಬರೋ ಬದಲು ಹಿಂದಕ್ಕೆ ಬಂತು. ತಿರುಗಿಸಿ ಇಟ್ಟರೆ ಕತ್ತರಿಸಿದ ಮೂಲೆ ಬಲಕ್ಕೆ ಹೋಗ್ತಿತ್ತು. ಎಡಗಾಲಿನ ಚಪ್ಪಲಿಯನ್ನ ಹೇಗೆ ತಿರುಗಿಸಿದ್ರೂ ಬಲಗಾಲಿಗೆ ಆಗಲ್ಲ ಅಲ್ವಾ, ಹಾಗೆ. ಅಳತೆ ಎಲ್ಲ ಸರಿ, ವಸ್ತು ಮಾತ್ರ ತಪ್ಪು.

ಅಪ್ಪ ಬೈಯಲಿಲ್ಲ. ಲೆಕ್ಕದ ಪುಸ್ತಕ ತೆಗೆದು ನಷ್ಟ ಅಂತ ಬರಿ ಅಂದ್ರು, ಅಷ್ಟೇ. ಬೈದಿದ್ರೆ ವಾಸಿ ಇತ್ತು ಅನ್ನಿಸ್ತು. ಅದಾದ ಮೇಲೆ ಸುಮಾರು ದಿನ ಯಾವ ಡ್ರಾಯಿಂಗನ್ನೂ ನನ್ನ ಕೈಗೆ ಕೊಡಲಿಲ್ಲ.

ಒಂದು ವಾರ ಬಿಟ್ಟು ನಾನೇ ಅಣ್ಣನ ಹತ್ರ ಹೋಗಿ, "ನನಗೆ ಇದನ್ನ ಓದೋಕೆ ಕಲಿಸಿ" ಅಂದೆ. ಅವರು ಸೀಮೆಸುಣ್ಣ ತಗೊಂಡು ಒಂದು ಶೀಟಿನ ಮೇಲೆ ಮೂರು ಗೆರೆ ಎಳೆದ್ರು. ಒಂದು ನೇರ ಮೇಲಕ್ಕೆ, ಒಂದು ಎಡಕ್ಕೆ ಓರೆ, ಒಂದು ಬಲಕ್ಕೆ ಓರೆ. ಎರಡು ನಿಮಿಷದಲ್ಲಿ ಆ ಬ್ರಾಕೆಟ್ ಶೀಟಿನ ಮೇಲೆ ಎದ್ದು ಕೂತಿತ್ತು. "ಅವತ್ತು ಇದೊಂದು ಜೊತೇಲಿ ಇದ್ದಿದ್ರೆ ತಪ್ತಾ ಇರಲಿಲ್ಲ ಕಣಮ್ಮಾ" ಅಂದ್ರು. ಅದೇ ಐಸೊಮೆಟ್ರಿಕ್.

ನಾನು ಕಾಮರ್ಸ್ ಹುಡುಗಿ, ನನಗೆ ಅರ್ಥ ಆಗಿದ್ದು ಹೀಗೆ. ಲಾಭ-ನಷ್ಟದ ಪಟ್ಟಿ, ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ, ಮೂರೂ ಒಂದೇ ಅಂಗಡಿಯ ಕಥೆ ಹೇಳ್ತವೆ. ಆದರೆ ಮೂರನ್ನೂ ತಲೆಯಲ್ಲಿ ಕೂಡಿಸಿದಾಗಲೇ ಅಂಗಡಿ ಕಾಣೋದು. ಐಸೊಮೆಟ್ರಿಕ್ ಅಂದ್ರೆ ನಿಮ್ಮನ್ನ ಅಂಗಡಿ ಬಾಗಿಲಿಗೇ ಕರ್ಕೊಂಡು ಹೋಗಿ ನಿಲ್ಲಿಸಿದ ಹಾಗೆ.

ಹೆಸರು ಗ್ರೀಕ್‌ನಿಂದ ಬಂದಿದ್ದು, ಅರ್ಥ "ಸಮ ಅಳತೆ". ಇದಕ್ಕೆ ನಿಯಮಬದ್ಧ ರೂಪ ಕೊಟ್ಟವರು ಕೇಂಬ್ರಿಡ್ಜ್‌ನ ಪ್ರೊಫೆಸರ್ ವಿಲಿಯಂ ಫ್ಯಾರಿಶ್, 1822ರ ಒಂದು ಪ್ರಬಂಧದಲ್ಲಿ. ಕಾರಣ ತುಂಬಾ ಪ್ರಾಕ್ಟಿಕಲ್. ಅವರು ಪಾಠಕ್ಕೆ ಯಂತ್ರಗಳ ಮಾದರಿಗಳನ್ನ ಬಿಡಿಭಾಗಗಳಿಂದ ಜೋಡಿಸ್ತಿದ್ರು. ಒಂದು ಪಾಠ ಮುಗಿದ ಮೇಲೆ ಬಿಚ್ಚಿ, ಮುಂದಿನದಕ್ಕೆ ಬೇರೆ ಯಂತ್ರ ಕಟ್ಟಬೇಕು. ಸಹಾಯಕರಿಗೆ ನೋಡಿದ ತಕ್ಷಣ ಗೊತ್ತಾಗೋ ಚಿತ್ರ ಬೇಕಿತ್ತು. ಅಂದ್ರೆ 200 ವರ್ಷದ ಹಿಂದೆ ಅವರಿಗಿದ್ದ ಕಷ್ಟವೂ ನಮ್ಮ ಶೆಡ್‌ನದ್ದೇ!

ಸರಿ, ಈಗ ಪೆನ್ಸಿಲ್ ತಗೊಳ್ಳಿ. 60 ಮಿಲಿಮೀಟರ್ ಉದ್ದ, 40 ಅಗಲ, 30 ಎತ್ತರದ ಒಂದು ಡಬ್ಬ ಬರೆಯೋಣ. ಹಾಳೆಯ ಕೆಳಗಡೆ ಒಂದು ಚುಕ್ಕಿ ಇಡಿ. ಅದು ನಿಮಗೆ ಹತ್ತಿರದ ಮೂಲೆ. ಅಲ್ಲಿಂದ ನೇರ ಮೇಲಕ್ಕೆ 30. ಅದೇ ಚುಕ್ಕಿಯಿಂದ ಬಲಕ್ಕೆ, ಅಡ್ಡಗೆರೆಯಿಂದ 30 ಡಿಗ್ರಿ ಮೇಲಕ್ಕೆ ಓರೆಯಾಗಿ 60. ಎಡಕ್ಕೂ ಅದೇ 30 ಡಿಗ್ರಿ ಓರೆಯಲ್ಲಿ 40. ಜಾಮಿಟ್ರಿ ಬಾಕ್ಸಲ್ಲಿ ಮೂಲೆಗೆ ಬಿದ್ದಿರುತ್ತಲ್ಲ, 30-60ರ ಸೆಟ್ ಸ್ಕ್ವೇರ್, ಅದು ಇಲ್ಲಿ ಕೆಲಸಕ್ಕೆ ಬರುತ್ತೆ. ಇನ್ನುಳಿದ ಪ್ರತಿ ಗೆರೆಯೂ ಈ ಮೂರರಲ್ಲಿ ಒಂದಕ್ಕೆ ಸಮಾನಾಂತರ. ಎಳೆದು ಮುಗಿಸಿ. ಮೇಲ್ಭಾಗ, ಎರಡು ಪಕ್ಕ ಒಟ್ಟಿಗೆ ಕಾಣುತ್ತೆ.

ಎಂಥ ಸಂಕೀರ್ಣ ವಸ್ತು ಆದರೂ ಮೊದಲು ಹೀಗೆ ಒಂದು ಡಬ್ಬ ಬರೆದು, ಆಮೇಲೆ ಬೇಡದ್ದನ್ನ ಕತ್ತರಿಸ್ತಾ ಹೋಗೋದು. ಬೆಣ್ಣೆ ಕಟ್ಟಿ ಕತ್ತರಿಸಿದ ಹಾಗೆ.

ನಾನು ಎಡವಿದ್ದು ಎಲ್ಲಿ ಹೇಳ್ತೀನಿ. ಇಲ್ಲಿ ಸ್ಕೇಲ್ ಇಟ್ಟು ಅಳೆಯೋಕೆ ಆಗೋದು ಆ ಮೂರು ದಿಕ್ಕಲ್ಲಿ ಮಾತ್ರ. ಕತ್ತರಿಸಿದ ಮೂಲೆಯನ್ನೇ ತಗೊಳ್ಳಿ. ಎರಡೂ ಅಂಚಲ್ಲಿ 20-20 ಮಿಲಿಮೀಟರ್ ಬಿಟ್ಟು ಓರೆ ಕತ್ತರಿಸಿದ್ರೆ ನಿಜವಾದ ಓರೆಯ ಉದ್ದ ಸುಮಾರು 28. ಆದರೆ ಚಿತ್ರದಲ್ಲಿ ಆ ಮೂಲೆ 60 ಡಿಗ್ರಿಯದಾಗಿದ್ರೆ ಗೆರೆ 20 ಬರುತ್ತೆ, 120 ಡಿಗ್ರಿಯದಾಗಿದ್ರೆ ಸುಮಾರು 35. ನಾನು 28 ಅಳೆದು ಗೆರೆ ಎಳೀತಿದ್ದೆ, ಅದು ಯಾವತ್ತೂ ಕೂಡ್ತಿರಲಿಲ್ಲ! ಸರಿಯಾದ ದಾರಿ: ಎರಡು ಅಂಚಿನ ಮೇಲೆ ಎರಡು ತುದಿ ಗುರುತು ಮಾಡಿ, ಸುಮ್ಮನೆ ಸೇರಿಸಿಬಿಡಿ.

ದುಂಡು ತೂತು ಇಲ್ಲಿ ಅಂಡಾಕಾರ ಆಗುತ್ತೆ. ಮೊದಲು ತೂತಿನ ವ್ಯಾಸದಷ್ಟು ಬಾಹು ಇರೋ ವಜ್ರಾಕೃತಿ ಬರೆಯಿರಿ. ಅದರ ಎರಡು ಅಗಲ ಮೂಲೆಗಳಿಂದ ಎದುರಿನ ಬಾಹುಗಳ ಮಧ್ಯಬಿಂದುಗಳಿಗೆ ಗೆರೆ ಎಳೆಯಿರಿ. ಆ ಅಗಲ ಮೂಲೆಗಳೇ ಎರಡು ದೊಡ್ಡ ಕಮಾನಿನ ಕೇಂದ್ರ, ಗೆರೆಗಳು ಒಳಗೆ ಕೂಡೋ ಎರಡು ಜಾಗ ಚಿಕ್ಕ ಕಮಾನಿನ ಕೇಂದ್ರ. ಕೈವಾರ ನಾಲ್ಕು ಸಲ ತಿರುಗಿಸಿದ್ರೆ ಆಯ್ತು. ನಿಖರ ಅಂಡಾಕಾರ ಅಲ್ಲ, ಆದರೆ ಕೆಲಸಕ್ಕೆ ಸಾಕು.

ಇನ್ನೊಂದು ವಿಷಯ. ಫೋಟೋದಲ್ಲಿ ರೈಲು ಹಳಿ ದೂರ ಹೋಗ್ತಾ ಹತ್ತಿರ ಆಗುತ್ತಲ್ಲ, ಐಸೊಮೆಟ್ರಿಕ್‌ನಲ್ಲಿ ಹಾಗಾಗಲ್ಲ. ಹಿಂದಿನ ಅಂಚೂ ಮುಂದಿನ ಅಂಚಿನಷ್ಟೇ ಉದ್ದ. ಕಣ್ಣಿಗೆ ಚೂರು ಸುಳ್ಳು, ಅಳತೆಗೆ ನಿಯತ್ತು. ಲೆಕ್ಕದ ಪ್ರಕಾರ ಹೀಗೆ ಓರೆಯಾಗಿ ನೋಡಿದಾಗ 100 ಮಿಲಿಮೀಟರ್ ಸುಮಾರು 82 ಆಗಿ ಕಾಣಬೇಕು. ಮೂರು ದಿಕ್ಕಲ್ಲೂ ಒಂದೇ ಪ್ರಮಾಣದಲ್ಲಿ ಕುಗ್ಗೋದರಿಂದ ಆ ಕುಗ್ಗುವಿಕೆ ಬಿಟ್ಟು ಪೂರ್ತಿ ಅಳತೆಯಲ್ಲೇ ಬರೆಯೋದು ರೂಢಿ.

ಹಾಗಂತ ಇದೊಂದನ್ನೇ ನಂಬಿ ಕಟಿಂಗ್ ಶುರು ಮಾಡಬೇಡಿ. ಹಿಂದೆ ಅಡಗಿರೋ ಗೆರೆಗಳನ್ನ ಇದರಲ್ಲಿ ಸಾಮಾನ್ಯವಾಗಿ ಬರೆಯಲ್ಲ. ಮಾಡೋದು ಮೂರು ನೋಟದ ಡ್ರಾಯಿಂಗ್ ನೋಡಿಯೇ. ನಾವು ಅರ್ಥ ಮಾಡ್ಕೊಂಡಿದ್ದು ಸರಿಯಾ ಅಂತ ಕೇಳೋಕೆ ಐಸೊಮೆಟ್ರಿಕ್.

ನಾನೀಗ ಮಾಡೋದು ಅಷ್ಟೇ. ಹೊಸ ಆರ್ಡರ್ ಬಂದ್ರೆ ಮೊದಲು ಒಂದು ಐಸೊಮೆಟ್ರಿಕ್ ಬರೆದು, ಫೋಟೋ ತೆಗೆದು, "ನಿಮಗೆ ಬೇಕಿರೋದು ಇದೇ ತಾನೆ?" ಅಂತ ಪಾರ್ಟಿಗೆ ಕಳಿಸ್ತೀನಿ. ಹೌದು ಅಂತ ಉತ್ತರ ಬರೋವರೆಗೂ ಶೀಟಿಗೆ ಬ್ಲೇಡ್ ತಾಗಲ್ಲ. ಹೋದ ತಿಂಗಳು ಒಬ್ಬರು, "ಇಲ್ಲ ಮೇಡಂ, ಆ ತೂತು ಆಚೆ ಕಡೆ" ಅಂದ್ರು. ಹತ್ತು ನಿಮಿಷದ ಪೆನ್ಸಿಲ್ ಕೆಲಸ ಒಂದು ಲಾಟ್ ಉಳಿಸ್ತು. ಅವತ್ತು ಸಂಜೆ ಅಪ್ಪ ಇನ್ನೊಂದು ಡ್ರಾಯಿಂಗ್ ತಂದು ನನ್ನ ಟೇಬಲ್ ಮೇಲಿಟ್ಟು, "ಇದನ್ನೂ ಒಂಚೂರು ಬರೆದು ನೋಡು" ಅಂದ್ರು. ಎರಡು ವರ್ಷದಲ್ಲಿ ಅವರಾಗಿಯೇ ಕೊಟ್ಟ ಮೊದಲ ಡ್ರಾಯಿಂಗ್ ಅದು.

ನಿಮಗೊಂದು ಹೋಮ್‌ವರ್ಕ್. ಮನೆಯಲ್ಲಿರೋ ಬೆಂಕಿಪೊಟ್ಟಣ ತಗೊಂಡು, ಟ್ರೇ ಅರ್ಧ ಹೊರಗೆ ಎಳೆದು, ಅಳೆದು ಬರೆಯಿರಿ. ಮೊದಲ ಸಲ ಸೊಟ್ಟ ಬರುತ್ತೆ, ಪರವಾಗಿಲ್ಲ. ಮತ್ತೆ, ಯಾರಾದ್ರೂ ನಿಮಗೆ ಗೊತ್ತಿಲ್ಲದ್ದನ್ನ ಕೇಳಿದ್ರೆ "ಗೊತ್ತಿಲ್ಲ" ಅಂತಲೇ ಹೇಳಿ. ಅದಕ್ಕೆ ಖರ್ಚಿಲ್ಲ.

ಮುಂದಿನ ವಾರ ಸಿಗೋಣ.