ಮಗುವನ್ನು ಕರೆದೊಯ್ದ ಮೇಲೆ ಮೂವತ್ತು ದಿನ



ನಾವು ಹಾಸ್ಟೆಲಿನವರು ಅವ್ವನ್ನ ಬಿಟ್ಟು ಬೆಳೆದವರೇ. ಆದರೆ ನಮ್ಮನ್ನು ಟ್ರಂಕು ಹೊರಿಸಿ ಕಳಿಸಿದವಳು ಅವ್ವನೇ. ಯುಗಾದಿಗೆ ಮನೆಗೆ ಹೋಗ್ತೀವಿ. ಬಾಲಮಂದಿರಕ್ಕೆ ಹೋದ ಮಗುವಿನ ಕತೆ ಹಾಗಲ್ಲ. ಅಲ್ಲಿಂದ ಹೊರಗೆ ಬರೋಕೆ ಆದೇಶ ಬೇಕು.

ದೊಡ್ಡಬಳ್ಳಾಪುರದ ಮಗ್ಗದಲ್ಲೋ ಹೊಸಕೋಟೆಯ ಇಟ್ಟಿಗೆಗೂಡಿನಲ್ಲೋ ದುಡಿಯೋ ಮಗುವನ್ನು ಬಿಡಿಸಿದರೆ ಅದು ತಪ್ಪು ಅಂತ ನಾವು ಹೇಳೋದಿಲ್ಲ. ಹೊಡೆತ ತಿನ್ನೋ ಹುಡುಗನಿಗೆ, ಮದುವೆಗೆ ಸಿಕ್ಕಿಬಿದ್ದ ಹುಡುಗಿಗೆ ಅದೇ ಆಸರೆ. ಆದರೆ ಅವ್ವ ಬಡವಿ ಅನ್ನೋದು ಬೇರೆ, ಅವ್ವ ಕೆಟ್ಟವಳು ಅನ್ನೋದು ಬೇರೆ. 2015ರ ಬಾಲನ್ಯಾಯ ಕಾಯ್ದೆಯೇ ಸಂಸ್ಥೆಗೆ ಸೇರಿಸೋದು ಕಡೆಯ ದಾರಿ ಅನ್ನುತ್ತೆ.

ತೀರ್ಮಾನ ಮಾಡೋದು ಮಕ್ಕಳ ಕಲ್ಯಾಣ ಸಮಿತಿ: ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಕೈಯಲ್ಲಿ ಮ್ಯಾಜಿಸ್ಟ್ರೇಟರ ಅಧಿಕಾರ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗು ಅವರ ಮುಂದಿರಬೇಕು.

ಈಗ ನಾವು ಮಾಡೋ ತಪ್ಪು ಕೇಳಿ. ಅನ್ಯಾಯ ಆಯ್ತು ಅಂದ ಕೂಡಲೇ ಡಿಸಿ ಆಫೀಸಿಗೆ ಮನವಿ, ಧರಣಿ. ಸಮಿತಿ ಕೆಲಸ ಮಾಡೋ ರೀತಿಯ ಮೇಲಿನ ದೂರು ಕೇಳೋರು ಜಿಲ್ಲಾಧಿಕಾರಿಗಳು, ನಿಜ. 2021ರ ತಿದ್ದುಪಡಿ ಇದನ್ನು ಬಿಡಿಸಿ ಹೇಳಿದೆ. ಅದು ಜಾರಿಗೆ ಬಂದದ್ದು 2022ರಲ್ಲಿ. ಕಾಯಿಸಿದರು, ಬೈದರು, ನಮ್ಮ ಮಾತು ಕೇಳಲಿಲ್ಲ, ಇಂಥದ್ದೆಲ್ಲ ಅಲ್ಲಿಗೆ. ಆದರೆ ಮಗುವನ್ನು ಇಟ್ಟುಕೊಂಡ ಆದೇಶವೇ ತಪ್ಪು ಅನ್ನೋದಾದರೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬೇಕು, ಅದೂ 30 ದಿನದಲ್ಲಿ. ಡಿಸಿಗೆ ಅರ್ಜಿ ಕೊಟ್ಟು ಕೂತರೆ ಆ ದಿನಗಳು ನಮಗಾಗಿ ನಿಲ್ಲೋದಿಲ್ಲ. ತಡವಾದರೆ ತಕ್ಕ ಕಾರಣ ತೋರಿಸಬೇಕು. ಅಲ್ಲಿ ಸೋತರೆ ಎರಡನೇ ಮೇಲ್ಮನವಿ ಇಲ್ಲ, ಹೈಕೋರ್ಟಿನ ಪುನರ್‌ಪರಿಶೀಲನೆ ಮಾತ್ರ.

ಇನ್ನೊಂದು ಕಡೆ ಕಾನೂನು ಪೂರಾ ಬಾಗಿಲು ಹಾಕಿದೆ. ಈ ಮಗುವಿಗೆ ರಕ್ಷಣೆ ಬೇಕಿಲ್ಲ ಅಂತ ಸಮಿತಿ ತೀರ್ಮಾನಿಸಿದರೆ ಮೇಲ್ಮನವಿಯೇ ಇಲ್ಲ. ಹೊಡೆತ ತಾಳದೆ ಓಡಿಬಂದ ಹುಡುಗಿಯನ್ನು ವಾಪಸು ಕಳಿಸಿದರೆ ನಾವು ಎಲ್ಲಿಗೆ ಹೋಗಬೇಕು? ಆಗಲೂ ಹೈಕೋರ್ಟೇ. ಕೂಲಿಯವಳಿಗೆ ಹೈಕೋರ್ಟು ಅಂದರೆ ವಿಧಾನಸೌಧದ ಎದುರಿನ ಕೆಂಪು ಕಟ್ಟಡ, ಅಷ್ಟೇ. ಇದನ್ನು ನಾವು ಪ್ರಶ್ನಿಸಲೇಬೇಕು.

ನಮ್ಮ ಬುಲೆಟಿನ್ನಿನವರಿಗೂ ಒಂದು ಮಾತು. ಸಿಟ್ಟಿನಲ್ಲಿ ಮಗುವಿನ ಹೆಸರು, ಊರು, ಫೋಟೋ ಅಚ್ಚು ಹಾಕಬೇಡಿ. 74ನೇ ಕಲಮಿನಂತೆ ಅದು ಅಪರಾಧ: ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಹೆಸರಿಲ್ಲದೆಯೇ ಅನ್ಯಾಯ ಬರೆಯಿರಿ.

ವಕೀಲರಿಗೆ ದುಡ್ಡೆಲ್ಲಿ ಅಂತೀರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಪರಿಶಿಷ್ಟರಿಗೆ, ಹೆಂಗಸರಿಗೆ, ಮಕ್ಕಳಿಗೆ ವಕೀಲರನ್ನು ಪುಕ್ಕಟೆ ಕೊಡಬೇಕು. ನಮ್ಮ ಅವ್ವಂದಿರು ಎರಡು ಲೆಕ್ಕದಲ್ಲೂ ಬರ್ತಾರೆ! ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ.

ಹೆಬ್ಬೆಟ್ಟು ಒತ್ತೋ ಅವ್ವನಿಗೆ ಆ ಕಾಗದದಲ್ಲಿ ಏನಿದೆ ಅಂತ ಯಾರು ಓದಿ ಹೇಳ್ತಾರೆ? ನಿಮ್ಮ ಕೇರಿಯಲ್ಲಿ ಹೀಗಾದರೆ ಅವತ್ತು ಕ್ಲಾಸು ಬಿಡಿ, ಅವಳ ಜೊತೆ ಹೋಗಿ. ಮೊದಲು ಆದೇಶದ ನಕಲು ಕೇಳಿ. ಅದರ ಮೇಲಿನ ತಾರೀಖನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.