ಅನುಭವಿಯ ಅರಿವು, ಯಂತ್ರದ ನೆರವು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಕೊಳವೆಬಾವಿಗೆ ಮೋಟಾರು ಇಳಿಸುವ ಮುಂಚೆ ಅನುಭವಿ ಮೆಕ್ಯಾನಿಕ್ ಏನು ಮಾಡುತ್ತಾರೆ? ಬಾವಿ ಎಷ್ಟು ಆಳ, ನೀರು ಎಷ್ಟು ಇಂಚು, ಕರೆಂಟು ಹೇಗೆ ಬರುತ್ತದೆ, ಹೊಲ ಎಷ್ಟು ದೂರ ಎಂದು ಕೇಳುತ್ತಾರೆ. ಆಮೇಲೆ ಇಷ್ಟು ಎಚ್.ಪಿ. ಮೋಟಾರು, ಇಂಥ ಪೈಪು ಎನ್ನುತ್ತಾರೆ. ‘ಹೀಗಿದ್ದರೆ ಹಾಗೆ ಮಾಡು’ ಎಂಬ ಎಷ್ಟೋ ನಿಯಮಗಳು ಅವರ ತಲೆಯಲ್ಲಿವೆ. ಯಾರೂ ಬರೆದಿಟ್ಟಿಲ್ಲ. ಅವರು ಕಸುಬು ಬಿಟ್ಟ ದಿನ ಅವೂ ಹೋದವು.

ಇಂಥ ಅರಿವನ್ನು ನಿಯಮಗಳಾಗಿ ಬರೆದು ಕಂಪ್ಯೂಟರಿಗೆ ಕೊಟ್ಟರೆ ಅದೇ ‘ಎಕ್ಸ್‌ಪರ್ಟ್ ಸಿಸ್ಟಮ್’, ಪರಿಣತ ವ್ಯವಸ್ಥೆ. ಅದರಲ್ಲಿ ನಿಯಮಗಳ ಭಂಡಾರ ಒಂದು ಭಾಗ. ಎದುರಿಗಿರುವ ಸಂಗತಿಗೆ ಯಾವ ನಿಯಮ ಹೊಂದುತ್ತದೆಂದು ಹುಡುಕಿ ತೀರ್ಮಾನಕ್ಕೆ ಬರುವುದು ಇನ್ನೊಂದು ಭಾಗ.

ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ‘ವ್ಯಾಕ್ಸ್’ ಎಂಬ ಕಂಪ್ಯೂಟರ್ ಮಾರುತ್ತಿತ್ತು. ಒಬ್ಬೊಬ್ಬ ಗಿರಾಕಿಗೂ ಬೇರೆ ಬೇರೆ ಜೋಡಣೆ. ಬೇಕಾದ ಒಂದು ಕೇಬಲ್ ಬಿಟ್ಟುಹೋದರೂ ಕೆಲಸ ನಿಲ್ಲುತ್ತಿತ್ತು. 1978ರಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ ಅವರು ಈ ಜೋಡಣೆಯನ್ನು ನಿರ್ಧರಿಸುವ ‘ಆರ್-1’ ವ್ಯವಸ್ಥೆಯನ್ನು ಕಟ್ಟತೊಡಗಿದರು. 1980ರಲ್ಲಿ ಅದು ಬಳಕೆಗೆ ಬಂತು. ಮುಂದೆ ‘ಎಕ್ಸ್‌ಕಾನ್’ ಎಂದು ಹೆಸರಾಯಿತು. ನೂರರ ಲೆಕ್ಕದಲ್ಲಿದ್ದ ನಿಯಮಗಳು ಸಾವಿರಗಳಿಗೆ ಬೆಳೆದವು.

ಆದರೆ ಹೊಸ ಬಿಡಿಭಾಗ ಬಂದಾಗಲೆಲ್ಲ ನಿಯಮಗಳನ್ನು ತಿದ್ದಬೇಕಾಗುತ್ತಿತ್ತು. ಅದಕ್ಕೆ ಜನ ಬೇಕೇ ಬೇಕು. ಯಂತ್ರಕ್ಕೆ ಗೊತ್ತಿರುವುದು ನಾವು ಹೇಳಿಕೊಟ್ಟಷ್ಟೇ. ಹೇಳಿಕೊಡದ ಪರಿಸ್ಥಿತಿ ಎದುರಾದರೆ ಅದು ಸುಮ್ಮನಾಗಬಹುದು. ತಪ್ಪು ಉತ್ತರವನ್ನೂ ಕೊಡಬಹುದು.

ಒಳ್ಳೆಯ ಪರಿಣತ ವ್ಯವಸ್ಥೆಯನ್ನು ‘ಏಕೆ?’ ಎಂದು ಕೇಳಬಹುದು. ಯಾವ ನಿಯಮದಿಂದ ಆ ಉತ್ತರ ಬಂತೆಂದು ಅದು ತೋರಿಸುತ್ತದೆ. ಈ ಶಾಲೆಯಲ್ಲಿ ಲೆಕ್ಕದ ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದಿದ್ದರೆ ನಮ್ಮ ಮೇಷ್ಟ್ರು ಪೂರ್ತಿ ಅಂಕ ಕೊಡುತ್ತಿರಲಿಲ್ಲ. ಆಗ ಬೇಸರವಾಗುತ್ತಿತ್ತು. ಸೇತುವೆಯ ನಕ್ಷೆಗೆ ಸಹಿ ಹಾಕುವ ಇಂಜಿನಿಯರಿಗೆ ಬೇಕಾದ ಪಾಠವೇ ಅದು. ಲೆಕ್ಕ ಮಾಡಿದ್ದು ಕಂಪ್ಯೂಟರೇ ಆದರೂ ಸಹಿ ಮನುಷ್ಯನದು. ಸೇತುವೆ ಕುಸಿದರೆ ‘ಯಂತ್ರ ಹೇಳಿತು’ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಮಕ್ಕಳೇ, ನಿಮಗೊಂದು ಕೆಲಸ ಹೇಳುತ್ತೇನೆ. ಕೆರೆಯ ತೂಬು ನೋಡಿಕೊಂಡ ನೀರುಗಂಟಿಯ ಬಳಿ, ಬಡಗಿಯ ಬಳಿ, ಗಾರೆ ಕೆಲಸದವರ ಬಳಿ ಹೋಗಿ ಕುಳಿತುಕೊಳ್ಳಿ. ‘ಹೀಗಿದ್ದರೆ ಏನು ಮಾಡ್ತೀರಿ? ಏಕೆ?’ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕಂಪ್ಯೂಟರ್ ನಾಳೆ ಬಂದೀತು. ಆ ಹಿರಿಯರು ನಾಳೆಯೂ ಸಿಗುತ್ತಾರೆಂದು ಹೇಳಲಾಗದು.

ಏಕೆ ಎಂದು ಕೇಳಲು ಕಲಿಸಿದ ಈ ಶಾಲೆಗೆ, ನನ್ನ ಗುರುಗಳಿಗೆ ವಂದನೆಗಳು.