ಕಡಿದವರು ಯಾರು?

(ಕಾರ್ಮಿಕರ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಒಂದೇ ಪದವನ್ನು ಹಿಡಿದು ನಾಲ್ಕು ಮಾತಾಡಬೇಕೆಂದಿದ್ದೇವೆ. ಆ ಪದ ‘ಕಡಿ’.

ಪೈರನ್ನು ಕೊಯ್ಯುತ್ತೇವೆ, ಸೌದೆಯನ್ನು ಸೀಳುತ್ತೇವೆ, ಬಟ್ಟೆಯನ್ನು ಕತ್ತರಿಸುತ್ತೇವೆ, ತರಕಾರಿಯನ್ನು ಹೆಚ್ಚುತ್ತೇವೆ, ಮರವನ್ನು ಕಡಿಯುತ್ತೇವೆ. ಆದರೆ ‘ಕಡಿ’ ಮರದ ಬುಡದಲ್ಲೇ ನಿಲ್ಲಲಿಲ್ಲ. ಹಾವು ಕಡಿಯುತ್ತದೆ, ಸೊಳ್ಳೆ ಕಡಿಯುತ್ತದೆ. ಮಗ್ಗದ ಮೇಲೆ ಎಳೆ ಕಡಿಯುತ್ತದೆ. ಅಣ್ಣತಮ್ಮಂದಿರ ಸಂಬಂಧವೂ ಕಡಿದುಹೋಗುತ್ತದೆ. ದುಡಿದದ್ದು ಸಾಲದೆಂದು ಜರೆಯುವವರು ‘ಏನು ಕಡಿದು ಗುಡ್ಡೆ ಹಾಕಿದ್ದೀಯ?’ ಎನ್ನುತ್ತಾರೆ.

ಮರ ಉರುಳಿದರೆ ಕೊಡಲಿ ಹಿಡಿದವನು ಕಾಣುತ್ತಾನೆ. ಎಳೆ ಕಡಿದರೆ ನೂಲು ಜೊಳ್ಳೆಂದು ನೇಕಾರ ಹೇಳಬಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ‘ಕಡಿತ’ ಎಂದು ಬರೆದಿರುತ್ತದೆ, ಕಡಿದವರ ಸುಳಿವಿರುವುದಿಲ್ಲ. ಕೇಳಿದರೆ ‘ಕಡಿತವಾಗಿದೆ’ ಎಂಬ ಉತ್ತರ, ತಾನಾಗಿಯೇ ಆದಂತೆ! ಎಳೆ ತಾನಾಗಿ ಕಡಿದೀತು. ಸಂಬಳ ತಾನಾಗಿ ಕಡಿಯುವುದಿಲ್ಲ.

ಕಾನೂನೂ ಇದನ್ನು ಒಪ್ಪಿದೆ. 1936ರ ವೇತನ ಪಾವತಿ ಕಾಯಿದೆಯು ಮಾಲೀಕರು ಯಾವ ಯಾವ ಬಾಬಿಗೆ ಹಣ ಮುರಿದುಕೊಳ್ಳಬಹುದೆಂದು ಪಟ್ಟಿ ಮಾಡಿತು. ದಂಡ ರೂಪಾಯಿಗೆ ಅರ್ಧ ಆಣೆಯನ್ನು ಮೀರಬಾರದೆಂದಿತು. ಮುಂದೆ ಅದು ನೂರಕ್ಕೆ 3 ಆಯಿತು. 2019ರ ವೇತನ ಸಂಹಿತೆಯಲ್ಲೂ ಅದೇ ಮಿತಿ ಉಳಿದಿದೆ. ದಂಡ ಹಾಕುವ ಮೊದಲು ಕೆಲಸಗಾರನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಗೈರುಹಾಜರಿಗೆ ಸಾಮಾನ್ಯವಾಗಿ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟಕ್ಕೇ ಮುರಿಯಬೇಕು. ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ದಾಟಬಾರದು. ದಂಡದ ಹಣ ಮಾಲೀಕರ ಜೇಬಿಗಲ್ಲ, ಕೆಲಸಗಾರರ ಹಿತಕ್ಕೇ ಹೋಗಬೇಕು.

ವ್ಯಾಪಾರಿ ಬಂಧುಗಳು ಇದು ಮಿಲ್ಲಿನ ಮಾತೆಂದು ಎದ್ದು ಹೋಗಬಾರದು. ಲೆಕ್ಕದಲ್ಲಿ ಕಳೆಯುವುದಕ್ಕೆ ತಾವು ‘ವಜಾ’ ಎನ್ನುತ್ತೀರಿ. ಮಿಲ್ಲಿನಲ್ಲಿ ಆಳನ್ನೇ ತೆಗೆದುಹಾಕುವುದಕ್ಕೂ ಅದೇ ಹೆಸರು. ಸಗಟು ವರ್ತಕರು ತಮ್ಮ ಬಾಕಿಯಲ್ಲಿ ಹತ್ತು ರೂಪಾಯಿ ವಜಾ ಮಾಡಿದರೆ ತಾವು ಸುಮ್ಮನಿರುವುದಿಲ್ಲ, ಯಾವ ಬಾಬ್ತೆಂದು ಕೇಳುತ್ತೀರಿ. ತಮ್ಮ ಅಂಗಡಿಯ ಆಳಿಗೂ ಹಾಗೆ ಕೇಳುವ ಹಕ್ಕಿದೆ. ಮಿಲ್ಲಿನಲ್ಲಿ ಸಂಬಳ ಕಡಿದ ತಿಂಗಳು ತಮ್ಮ ಗಲ್ಲಾಪೆಟ್ಟಿಗೆಯೂ ಹಗುರಾಗುತ್ತದೆಂಬುದನ್ನು ಬೇರೆ ಹೇಳಬೇಕೆ?

ಆದ್ದರಿಂದ ನಾವು ಕೋರುವುದಿಷ್ಟೆ. ಬರುವ ಸಂಬಳದ ದಿನ ಚೀಟಿಯನ್ನು ಮಡಿಸಿ ಜೇಬಿಗಿಡುವ ಮೊದಲು ಓದಿರಿ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಿರಿ. ‘ಕಡಿತ’ ಎಂದು ಕಂಡಲ್ಲಿ ಮೂರು ಪ್ರಶ್ನೆ ಕೇಳೋಣ: ಕಡಿದವರು ಯಾರು? ಎಷ್ಟು? ಯಾವ ಕಾರಣಕ್ಕೆ? ಒಬ್ಬರೇ ಕೇಳಿದರೆ ಗದರಿಸಿಯಾರು. ಎಲ್ಲರೂ ಕೂಡಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.